ಉಪ್ಪಿನ ಕಡೆಯ ಗೋಡೆ

ಏಣಿ ಹಿಡಿ ಡೆರ್ಸಿಯೊ, ಗಟ್ಟಿಯಾಗಿ ಹಿಡಿ,
ಸಮುದ್ರ ನೋಡುತ್ತ ನಿಲ್ಲಬೇಡ.
ಅದನ್ನು ನೋಡಲು ಯಾರೂ ಹೋಗಬೇಕಿಲ್ಲ ಬೈರಾದಲ್ಲಿ,
ಅದೇ ಮನೆಮನೆಗೆ ಬರುತ್ತದೆ.

ನೋಡು, ಹೊರಗಿನ ಪೆಟ್ಟಿಗೆಯನ್ನು
ನೇರ ಕಡಲಿನ ಕಡೆ ಗೋಡೆಗೇ ತಗುಲಿಹಾಕಿದ್ದಾರೆ.
ಹಾಕಿದವನಿಗೆ ಏಣಿ ಇತ್ತು, ಡ್ರಿಲ್ ಇತ್ತು,
ಮೂಗು ಇರಲಿಲ್ಲ.
ಗಾಳಿ ಯಾವ ದಿಕ್ಕಿನಿಂದ ಉಪ್ಪು ಹೊತ್ತು ತರುತ್ತದೆಂದು
ಮೂಸಿ ತಿಳಿಯದವನು
ಈ ಕಸುಬಿಗೆ ಬರಬಾರದು.

ನಾಲ್ಕು ಸ್ಕ್ರೂಗಳಲ್ಲಿ ಮೂರು ತಿರುಗುವುದಿಲ್ಲ,
ನಾಲ್ಕನೆಯದಕ್ಕೆ ತಲೆಯೇ ಇಲ್ಲ.
ತಾಮ್ರದ ಕೊಳವೆಗೆ ಹಸಿರು ಕಿಲುಬು.
ಅಲ್ಯುಮಿನಿಯಂ ರೆಕ್ಕೆ ಮುಟ್ಟಿದರೆ
ಹಳೆಯ ಹಪ್ಪಳ, ಪುಡಿಪುಡಿ.
ಒಳಗೆ, ಬೋರ್ಡಿನ ಮೇಲೆ, ಒಂದು ಹಲ್ಲಿ
ಎರಡು ತಂತಿಗಳ ನಡುವೆ ಸೇತುವೆಯಾಗಿ ಸತ್ತಿದೆ.
ಬೆಚ್ಚಗಿನ ಜಾಗ ಹುಡುಕಿ ಬಂದದ್ದು.
ತಂಪು ಮಾಡುವ ಯಂತ್ರದೊಳಗೂ
ಬೆಚ್ಚಗಿನ ಮೂಲೆಯೊಂದು ಇರುತ್ತದೆಂದು
ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೆನ್ಯೋರ್ ಅನಾಕ್ಲೆತೊ ಬಾಲ್ಕನಿಯಿಂದ ಬಗ್ಗಿ ಕೇಳುತ್ತಾರೆ:
"ಹೋದ ವರ್ಷ ತಾನೇ ಕೊಂಡದ್ದು, ಹೇಗೆ ಸಾಯುತ್ತದೆ?"
ಬಂದರಿನ ಸುಂಕದ ಕಟ್ಟೆಯಲ್ಲಿ ಇಪ್ಪತ್ತು ವರ್ಷ
ಕಂಡವರ ಪೆಟ್ಟಿಗೆಗಳಿಗೆ ಮುದ್ರೆ ಒತ್ತಿದ ಕೈ.
ತಮ್ಮ ಪೆಟ್ಟಿಗೆಗೆ ಸುಂಕ ಹಾಕಿದವರಾರೆಂದು
ಅವರಿಗೆ ತಿಳಿಯುತ್ತಿಲ್ಲ.
"ಕಡಲು, ಸೆನ್ಯೋರ್," ಎನ್ನುತ್ತೇನೆ,
"ಅದು ರಸೀದಿ ಕೊಡುವುದಿಲ್ಲ."

ಇನ್ನೊಂದು ದೂರು: ನೀರು ಸೋರುವ ನಳಿಗೆ.
ಗೋಡೆಯುದ್ದ ಕಪ್ಪು ಗೆರೆ.
"ಹಿತ್ತಲ ಚರಂಡಿಗೆ ತಿರುಗಿಸಿಬಿಡಿ."

ಕೆಳಗಿಳಿದೆ.
ನಳಿಗೆ ಒಡೆದಿರಲಿಲ್ಲ, ಯಾರೋ
ಬ್ಲೇಡಿನಲ್ಲಿ ಓರೆಯಾಗಿ, ನಾಜೂಕಾಗಿ ಕೊಯ್ದಿದ್ದರು.
ಕೊಯ್ದ ಬಾಯಿಯ ಕೆಳಗೆ ಎಣ್ಣೆಯ ಹಳದಿ ಡಬ್ಬಿ,
ಡಬ್ಬಿಯ ಬಾಯಿಗೆ ತೆಳು ಬಟ್ಟೆ,
ಪಕ್ಕದಲ್ಲಿ ಫ್ಲೊರಿಂದಾ.
ಅವಳ ಕೈಯಲ್ಲಿ ಬ್ಲೇಡ್ ಇರಲಿಲ್ಲ,
ಕಣ್ಣಲ್ಲಿತ್ತು.

"ಮನಾ ಝುಲ್ಮೀರಾ, ಬಾವಿ ತೋಡಿದರೆ ಸವಳು,
ನಲ್ಲಿ ತಿರುಗಿಸಿದರೆ ಬರೀ ಕೆಮ್ಮು.
ಮೇಲಿನವರು ತಣ್ಣಗೆ ಮಲಗಿದ ಒಂದೊಂದು ರಾತ್ರಿಗೂ
ನನಗೆ ಹನ್ನೊಂದು ಲೀಟರು.
ಕುಡಿಯುವುದಿಲ್ಲ, ನಾನೇನು ಹುಚ್ಚಿಯೆ?
ಈ ಕುಂಬಳದ ಕುಡಿಗೆ, ಈ ಹುಡುಗನ ಶಾಲೆಯ ಅಂಗಿಗೆ.
ಯಂತ್ರ ನಿಂತು ಆರು ದಿನ. ಬಳ್ಳಿ ನೋಡು."

ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು.
ಬೆರಳದ್ದಿ ನಾಲಗೆಗಿಟ್ಟೆ.
ಉಪ್ಪಿಲ್ಲ. ಏನೂ ಇಲ್ಲ.
ಅದೇ ಗಾಳಿ, ಅದೇ ಕಡಲು, ಸ್ಕ್ರೂ ತಿಂದದ್ದು ಅದೇ,
ಉಪ್ಪಿಲ್ಲ.
ಇಪ್ಪತ್ತಾರು ವರ್ಷ ಈ ನೀರನ್ನು
ಒರೆಸಿದ್ದೇನೆ, ಬೈದಿದ್ದೇನೆ, ಚರಂಡಿಗಟ್ಟಿದ್ದೇನೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇದು ಉಪ್ಪು ತಿಂದು ತಿಂದು ಸಾಯುತ್ತ
ನೀರು ಕೊಡುತ್ತಿತ್ತು.

ನಿನಗೆ ನೆನಪಿರಲಿ ಡೆರ್ಸಿಯೊ, ನಾವು ಮಾಡಿದ್ದಿಷ್ಟೆ:
ಪೆಟ್ಟಿಗೆಯನ್ನು ಊರಿನ ಕಡೆ ಗೋಡೆಗೆ ಸರಿಸಿದೆವು,
ಗಾಳಿಮರದ ನೆರಳಿಗೆ,
ತುಕ್ಕು ಹಿಡಿಯದ ಬೋಲ್ಟ್ ಹಾಕಿ, ಬೋರ್ಡಿಗೆ ಮೇಣ ಬಳಿದು.
ನಳಿಗೆಗೆ ಒಂದು ಮೊಳ ಸೇರಿಸಿದೆವು,
ಗೋಡೆಗೆ ತಾಗದಂತೆ,
ಡಬ್ಬಿಗೆ ತಪ್ಪದಂತೆ.
ಬಿಲ್ಲಿನಲ್ಲಿ ಆ ಮೊಳ ಇಲ್ಲ.

"ಇನ್ನು ಗೋಡೆ ಕಪ್ಪಾಗುವುದಿಲ್ಲ ಸೆನ್ಯೋರ್,
ತಿಂಗಳಿಗೊಮ್ಮೆ ಪೆಟ್ಟಿಗೆಗೆ ಸಿಹಿನೀರಿನ ಸ್ನಾನ ಮಾಡಿಸಿ."
"ಸಿಹಿನೀರು ಎಲ್ಲಿದೆ ಈ ಊರಲ್ಲಿ?" ಎಂದರು.
ನಾನು ಸುಮ್ಮನಿದ್ದೆ.
ಸುಂಕದವನ ಮುಂದೆ ಸುಖದುಃಖ ಹೇಳಬಾರದು.

ಮೊದಲ ಹನಿಗೆ ಅರ್ಧ ಗಂಟೆ ಹಿಡಿಯಿತು.
ನೀನು ಏಣಿ ಮಡಿಸಿ ವ್ಯಾನಿಗೇರಿಸಿದೆ, ಹಾರ್ನ್ ಹೊಡೆದೆ.
ನಾನು ಹೋಗಲಿಲ್ಲ.
ಹುಡುಗ ಡಬ್ಬಿಗೆ ಕಿವಿಯಿಟ್ಟು ಎಣಿಸುತ್ತಿದ್ದ,
ಏಳು, ಎಂಟು, ಒಂಬತ್ತು,
ಅಷ್ಟರಲ್ಲಿ ಇಡೀ ಬೀದಿಯ ಕರೆಂಟು ಹೋಯಿತು.

ನೀನು ನಕ್ಕೆ.
ಫ್ಲೊರಿಂದಾ ನಗಲಿಲ್ಲ,
ಬಟ್ಟೆಯನ್ನು ಎಳೆದು ಸರಿಮಾಡಿದಳು,
ಒಂಬತ್ತು ಹನಿಗೆ
ಸೊಳ್ಳೆ ಬೀಳದಂತೆ.