ಸೋಫಾದ ಅಳತೆ

"ಎಲಾಸ್ಟಿಕ್ ಐತಕ್ಕ, ಯಾವ ಸೋಫಾಕ್ಕಾದರೂ ಕೂಡ್ತೈತೆ"
ಎಂದು ಚಂಪಾಲಾಲನ ಅಂಗಡಿಯ ಹುಡುಗ
ಒಂದರ ಮೇಲೊಂದು ಕವರು ಕೊಡವಿ ಹಾಕಿದ.
ಹದಿನಾಲ್ಕು ವರ್ಷ ಜೀನ್ಸ್ ಹೊಲಿದವಳು ನಾನು,
ಫ್ರೀ ಸೈಜ್ ಅಂದರೆ ಯಾರಿಗೂ ಆಗದ ಸೈಜು
ಎಂದು ಗೊತ್ತು.
ಆದರೂ ಮುಟ್ಟಿ ನೋಡಿದೆ.
ಬೆಂಗಳೂರು ರಸ್ತೆಯ ಬಿಸಿಲಲ್ಲಿ ನಡೆದು ಬಂದ ಬೆರಳಿಗೆ
ಫ್ಯಾನಿನ ಕೆಳಗಿನ ಬಟ್ಟೆ ಯಾವುದಾದರೂ ತಂಪೇ.

ಕೆನೆಬಣ್ಣ ಚೆಂದ. ಬಳ್ಳಾರಿಯಲ್ಲಿ ಚೆಂದ ಎಷ್ಟು ದಿನ?
ಕಿಟಕಿ ತೆರೆದರೆ ಸಂಜೆಯೊಳಗೆ ಕಾವಿ ತೊಡುತ್ತದೆ.
ಮೆರೂನು ತೆಗೆದ. ಬಾರಿನ ಫ್ಯಾಮಿಲಿ ರೂಮು ನೆನಪಾಯಿತು,
ಒಳಗೆ ಹೋದವಳಲ್ಲ, ಬಾಗಿಲ ಸಂದಿಯಲ್ಲಿ ಕಂಡದ್ದು.
ಮೇ ತಿಂಗಳಲ್ಲಿ ವೆಲ್ವೆಟ್ಟು ಅಂದರೆ
ಕುರಿಯ ಪಕ್ಕ ಮಲಗಿದ ಹಾಗೆ.
ದೊಡ್ಡ ಹೂವಿನದೂ ಇತ್ತು. ನಮ್ಮ ಪಡಸಾಲೆ ಎಂಟಡಿ,
ಆ ಹೂವುಗಳಿಗೇ ಸಾಲದು.

"ಎಷ್ಟು ಸೀಟಿಂದಕ್ಕ?"
"ಎರಡು."
"ಓ, ಲವ್ ಸೀಟು!" ನಕ್ಕ, ಇನ್ನೂ ಮೀಸೆ ಮೂಡದವನು.
ನಾನೂ ನಕ್ಕೆ.
ಅದು ಪಗಾರದ ಸೀಟು ಎಂದು ಅವನಿಗೆ ಹೇಗೆ ಹೇಳುವುದು.

ಗಣಿ ನಿಂತ ವರ್ಷ, ಸಂಡೂರಿನ ದಾರಿಯ ಆಫೀಸಿಗೆ ಬೀಗ ಬೀಳುವಾಗ
ಮೂರು ತಿಂಗಳ ಪಗಾರ ಕೊಡಲಾರದೆ
"ಇದನ್ನು ಒಯ್ಯಿ" ಅಂದಿದ್ದರಂತೆ ಮಾಲೀಕರು.
ಒಯ್ದರು ನಮ್ಮವರು.
ಕೌಲ್ ಬಜಾರಿನ ಓಣಿಗೆ ಅಗಲ ಸಾಲದೆ
ಕೊನೆಗೆ ನಾಲ್ಕು ಜನ ತಲೆಯ ಮೇಲೆ ಹೊತ್ತು ತಂದಾಗ
ಖಾಜಾಬಿ ಬಾಗಿಲಲ್ಲಿ ನಿಂತು
"ಮದುವಿ ಯಾರದೇ?" ಅಂದಳು.
ತಟ್ಟಿದರೆ ಇವತ್ತಿಗೂ ಒಳಗಿಂದ ಕೆಂಪು ಏಳುತ್ತದೆ.

ಬರಿಗೈಲಿ ಮನೆಗೆ ಬಂದು ಟೇಪು ತೆಗೆದೆ.
ಯೂನಿಟ್ಟಿನಲ್ಲಿ ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು
ಸೊಂಟಗಳು ಬಂಡಲು ಕಟ್ಟಿಕೊಂಡು ಬರುತ್ತವೆ,
ಮನುಷ್ಯರು ಬರುವುದಿಲ್ಲ.
ಕೈಯಾರೆ ಅಳೆದ ಮೈ ಇದೊಂದೇ.
ಬೆನ್ನು ಐವತ್ತೆಂಟು. ತೋಳು ಇಪ್ಪತ್ತಾರು.
ತೋಳಿನ ಮೇಲೆ ಬಾಲ್ ಪೆನ್ನಿನಲ್ಲಿ ಏಳರ ಮಗ್ಗಿ,
ಏಳೆಂಟಲ ಐವತ್ತನಾಲ್ಕು;
ಬರೆದವಳು ಈಗ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ನೋಡುತ್ತಾಳೆ.
ಎಡಗಡೆ ಒಂದು ಕುಳಿ. ಅದು ನನ್ನದು,
ಶಿಫ್ಟು ಮುಗಿಸಿ ಬಂದು ದೊಪ್ಪನೆ ಬೀಳುವ ನನ್ನದು.
ಬಲಗಡೆ ಮಾತ್ರ ನಿನ್ನೆ ಅಂಗಡಿಯಿಂದ ಬಂದ ಹಾಗೆ,
ಸ್ಪಂಜು ಗಟ್ಟಿ, ಬಟ್ಟೆಗೆ ಹೊಳಪು.
ಹೌದಲ್ಲ.
ಇವರು ಕೂತದ್ದನ್ನು ನಾನು ಕಂಡೇ ಇಲ್ಲ.

ಆ ಆಫೀಸಿನಲ್ಲಿ ಇದರ ಎದುರು ನಿಂತದ್ದು ಒಂಬತ್ತು ವರ್ಷ.
ಧೋಂಡಿಬಾ ಎಂಬ ಹೆಸರು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ,
"ಏಯ್ ಟಿಪ್ಪರ್" ಅಷ್ಟೆ.
ಮನೆಯಲ್ಲಿ ನೆಲಕ್ಕೇ ಕೂರುತ್ತಾರೆ,
ಕಾಲು ಚಾಚಿ, ತಟ್ಟೆ ತೊಡೆಯ ಮೇಲೆ, ಮುಖ ಟೀವಿಯ ಕಡೆ.
ಟೇಪು ಸೀಟಿನ ಅಂಚಿಗೆ ಬಂದಾಗ ಬೆರಳು ಜಾರಿತು.
ಅಂಗೈ ಅಗಲದ ಕಪ್ಪು, ಕೊಬ್ಬರಿ ಎಣ್ಣೆಯ ಜಿಡ್ಡು,
ನೂಲು ಸವೆದು ಒಳಗಿನ ಗೋಣಿ ಕಾಣುತ್ತಿದೆ.
ತಲೆ ಆನಿಸುವ ಜಾಗ.
ಕೂತಿಲ್ಲ, ನಿಜ. ಇಷ್ಟು ವರ್ಷ ಒರಗಿದ್ದಾರೆ.

ಆಮೇಲೆ ಬಟ್ಟೆ ಆರಿಸುವುದೇನೂ ಉಳಿಯಲಿಲ್ಲ.
ಯೂನಿಟ್ಟಿನ ರಿಜೆಕ್ಟು ಪೀಸು, ಕಿಲೋ ಲೆಕ್ಕ,
ಕಡುನೀಲಿ, ಇನ್ನೂ ವಾಷಿಂಗಿಗೆ ಹೋಗದ್ದು.
ಎರಡು ಜೇಬು ಹಾಗೇ ಬಿಟ್ಟೆ, ರಿಮೋಟಿಗೊಂದು, ಎಲೆಅಡಿಕೆಗೊಂದು.
ಮಗ್ಗಿ ಮುಚ್ಚಲು ಮನಸ್ಸಾಗದೆ
ಆ ತೋಳಿಗೆ ಗುಂಡಿ ಇಟ್ಟೆ, ಬೇಕಾದಾಗ ಬಿಚ್ಚಿ ನೋಡಲು.
ಅಂಚಿಗೆ ಎರಡು ಪದರ, ಮೂರು ಸಾಲು ಕೇಸರಿ ದಾರ.
ಯಾವ ಗಿರಾಕಿಯ ಮೊಣಕಾಲಿಗೂ
ಅಷ್ಟು ಹೊಲಿಗೆ ಹಾಕಿದವಳಲ್ಲ ನಾನು.

ಸ್ಕೂಲ್ ವ್ಯಾನು ನಿಲ್ಲಿಸಿ ಬಂದರು. ನೋಡಿದರು.
ಟಯರಿನ ಗಾಳಿ ನೋಡುವವರ ಹಾಗೆ ಸೀಟು ಒತ್ತಿದರು.
ಇನ್ನೇನು ಕೂತರು ಅಂದುಕೊಂಡೆ.
ಕೂತರು, ನೆಲಕ್ಕೆ.
ತಲೆ ಹಿಂದಕ್ಕೆ ಹೋಗಿ ತನ್ನ ಜಾಗ ಹುಡುಕಿಕೊಂಡಿತು.
"ಗಡಸು ಐತಲ್ಲೇ."
"ನಾಕು ನೀರು ಕಾಣಲಿ, ಮೆತ್ತಗಾಗ್ತೈತೆ."

ಬೆಳಿಗ್ಗೆ ವ್ಯಾನಿನ ಕೀಲಿ ಹುಡುಕುತ್ತ ಅತ್ತ ತಿರುಗಿದಾಗ
ಹಿಂದಲೆಯ ನರೆಗೆ ಒಂಚೂರು ನೀಲಿ ಹತ್ತಿತ್ತು.
ಹೇಳಲಿಲ್ಲ.
ವ್ಯಾನಿನ ಮಕ್ಕಳು ನಗುತ್ತಾರೆ, ನಗಲಿ.