ಮೈನಸ್ ನೂರು

ಐದು ದಾಟಿದರೆ ಕಸ.
ಕುರೆಸಾರೆ ಆಸ್ಪತ್ರೆಗೆ ಬರುವ ಮೇಲ್‌ಗಳಿಗೆಲ್ಲ
ಇದೊಂದೇ ಹೊಸ್ತಿಲು, ನಾನೇ ಇಟ್ಟದ್ದು.
ದೊಡ್ಡಕ್ಷರದಲ್ಲಿ ಕೂಗಿದರೆ ಒಂದೂವರೆ,
'ತುರ್ತು' ಅಂದರೆ ಮುಕ್ಕಾಲು,
ಮಾತ್ರೆಯ ಸುದ್ದಿಗೆ ಮತ್ತೆ ಒಂದೂವರೆ,
ದುಡ್ಡಿನ ಸುದ್ದಿಗೆ ಎರಡು.

ಇವತ್ತು ಕಸ ಕೆದಕುವಾಗ ಸಿಕ್ಕಿದಳು
ರುಹ್ನು ದ್ವೀಪದ ಲೈನೆ ಮುದುಕಿ.
ಕ್ಯಾಪ್ಸ್ ಲಾಕ್ ಆರಿಸುವುದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.
"ತುರ್ತು. ಎದೆಯ ಮಾತ್ರೆ ಮುಗಿದಿದೆ.
ದುಡ್ಡು ಎಷ್ಟಾದರೂ ಕೊಡುತ್ತೇನೆ.
ದೋಣಿ ಈ ವರ್ಷಕ್ಕೆ ಮುಗಿಯಿತು."
ಐದೂಮುಕ್ಕಾಲು.
ಬರೆದದ್ದು ಮಂಗಳವಾರ. ಇಂದು ಶುಕ್ರವಾರ.

ಅತ್ತ ಡಾಕ್ಟರುಗಳ ಇನ್‌ಬಾಕ್ಸಿನಲ್ಲಿ
ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ ಎಂಡೆಲ್ ಪಿಹ್ಲ್:
ಗಂಡಸರಿಗೆ ನೀಲಿ ಗುಳಿಗೆ, ಅರ್ಧ ಬೆಲೆ, ಇವತ್ತೇ ಕೊನೆ.
ಜರಡಿ ಇಪ್ಪತ್ತೊಂದು ಎಣಿಸಿತ್ತು, ಪಾಪ, ಸರಿಯಾಗಿಯೇ.
ಆಮೇಲೆ ನೂರು ಕಳೆಯಿತು,
ಯಾಕೆಂದರೆ ಅವನು ಬಿಳಿಪಟ್ಟಿಯವನು.

ಎಕ್ಸ್‌ರೇ ಕೋಣೆಯ ಎಂಡೆಲ್.
ಅವನ ಪೋಲಿ ಜೋಕುಗಳು ವಾರಕ್ಕೆರಡು ಸಲ ಸಿಕ್ಕಿಬೀಳುತ್ತಿದ್ದವು;
ಒಮ್ಮೆ ಹೊಗೆ ಹಾಕಿದ ಮೀನನ್ನು ಪೇಪರಿನಲ್ಲಿ ಸುತ್ತಿ ತಂದು
"ನನ್ನನ್ನೂ ಒಳಗೆ ಬಿಡು ಮಾರಾಯ್ತಿ" ಅಂದ.
ಬಿಟ್ಟೆ. ಮೈನಸ್ ನೂರು.
ಕೀಬೋರ್ಡಿಗೆ ಮೂರು ದಿನ ಮೀನಿನ ವಾಸನೆ.

ಅವನ ಗುಂಡಿಗೆ ನಾನೂ ಮೂರು ಹಿಡಿ ಮರಳು ಹಾಕಿ
ಎರಡು ಚಳಿಗಾಲ ಆಯಿತು.
ಈಗ ಯಾವನೋ ಅವನ ಪಾಸ್‌ವರ್ಡ್ ತೊಟ್ಟುಕೊಂಡು
ನಮ್ಮ ಬಾಗಿಲಲ್ಲಿ ಅವನ ಹೆಸರು ಹೇಳುತ್ತಾನೆ.
ಬಾಗಿಲು ತೆರೆಯುತ್ತದೆ.

ಕರಿಪಟ್ಟಿಗೆ ಹಾಕುವುದು ಸುಲಭ,
ಒಂದು ಸಾಲು ಕತ್ತರಿಸಿ ಕೆಳಗೆ ಅಂಟಿಸಿದರಾಯಿತು.
ಕತ್ತರಿಸಿದೆ.
ಅಂಟಿಸಲು ಬೆರಳು ಏಳಲಿಲ್ಲ.
ಕಾಫಿ ತಂದೆ, ಆರಿತು.
ಕೊನೆಗೆ ಅವನನ್ನು ಯಾವ ಪಟ್ಟಿಯಲ್ಲೂ ಇಡದೆ
ಸೊನ್ನೆಯಲ್ಲಿ ನಿಲ್ಲಿಸಿದೆ:
ಎಲ್ಲರ ಹಾಗೆ ಸಾಲಿನಲ್ಲಿ ಬಾ, ಎಂಡೆಲ್,
ನೀನೇ ಆದರೆ ಜೋಕು ಹೇಳು, ನೋಡೋಣ.

ಕೂಗಿಗೆ ಇದ್ದ ಒಂದೂವರೆಯನ್ನು ಅರ್ಧ ಮಾಡಿ
ಮುದುಕಿಯ ಪತ್ರವನ್ನು ಮತ್ತೆ ಜರಡಿಗೆ ಹಾಕಿದೆ.
ನಾಲ್ಕೂಮುಕ್ಕಾಲು. ದಾಟಿದಳು.
ಜೊತೆಗೆ ನಾಲ್ಕು ಲಾಟರಿ, ಒಬ್ಬ ರಾಜಕುಮಾರನ ವಿಧವೆಯೂ ದಾಟಿದರು.
ದಾಟಲಿ.

ಆಮೇಲೆ ರುಹ್ನುವಿಗೆ ಫೋನ್ ಮಾಡಿದೆ.
ಏಳು ಸಲ ರಿಂಗಾಯಿತು. ನಾನು ಎಣಿಸಿದೆ,
ಎಣಿಸುವುದು ಬಿಟ್ಟು ನನಗೇನು ಗೊತ್ತು.
"ಯಾರು?" ಅಂತ ಕಿರುಚಿದಳು.
ಫೋನಿನಲ್ಲೂ ಅವಳದು ದೊಡ್ಡಕ್ಷರವೇ.
ಮಾತ್ರೆ ನಾಳೆಯ ಪುಟ್ಟ ವಿಮಾನಕ್ಕೆ,
ಗಾಳಿ ಬಿಟ್ಟರೆ.