ವಿಷಯ ನಾಲ್ಕು

ಕೋರಂ ತುಂಬುವಾಗ ಹನ್ನೆರಡೂಕಾಲು.
ವಿಷಯ ಒಂದು ಚರಂಡಿ. ಎರಡು, ಮತ್ತೆ ಚರಂಡಿ.
ಮೂರರ ನಡುವೆ ಮಂಡಕ್ಕಿ ಬಂತು.
ನಾಲ್ಕು: ಪಿಂಚಣಿ ಮತ್ತು ಇತರೆ.

ರಿಪ್ಪನ್‌ಪೇಟೆ ರಸ್ತೆಯಿಂದ ಲಗೇಜ್ ಆಟೋದಲ್ಲಿ
ಅಕ್ಕನನ್ನು ಕೂರಿಸಿಕೊಂಡು ಬಂದಿದ್ದ ಕೆರಿಯಪ್ಪ.
ದ್ಯಾವಕ್ಕನ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ.
ಒರೆಸಿ ಒತ್ತಿದೆವು, ಎಣ್ಣೆ ಸವರಿ ಒತ್ತಿದೆವು,
ಕಣ್ಣಾದರೂ ತೋರಿಸಮ್ಮ ಅಂದರೆ
ಬಿಗಿಯಾಗಿ ಮುಚ್ಚಿಕೊಂಡಳು.
'ಬದುಕಿದಾಳೆ ಸ್ವಾಮಿ,
ಬೆಳಿಗ್ಗೆ ನನ್ನೇ ಕಚ್ಚಿದ್ಲು.'
ಸಭೆ ನಕ್ಕಿತು.
ಅವನು ತೋಳು ಮಡಚಿ ತೋರಿಸಿದ.

ಆಮೇಲೆ, ಯಾರನ್ನೂ ನೋಡದೆ:
'ನೋಡ್ಕಳೋರಿಗೆ ಏನಾರೂ ಐತಾ?
ಕೂಲಿಗೆ ಹೋಗ್ದೆ ಆರು ವರ್ಷ.'
ಅಧ್ಯಕ್ಷರು ಪಿಡಿಒ ಕಡೆ ನೋಡಿದರು,
ಪಿಡಿಒ ಫ್ಯಾನಿನ ಕಡೆ.
ಅರ್ಜಿಯಲ್ಲಿ ಆ ಕಲಂ ಇಲ್ಲ.

ನಡಾವಳಿ ಬರೆಯುವವನು ನಾನು.
'ಚರ್ಚಿಸಲಾಯಿತು' ಎಂದು ಬರೆದೆ,
ಹದಿನೇಳು ವರ್ಷದ ದುಂಡು ಅಕ್ಷರದಲ್ಲಿ.

ಹೊರಡುವ ಮುಂಚೆ ಹಾಜರಿ ಪುಸ್ತಕಕ್ಕೆ
ಅವಳ ಕೈ ಹಿಡಿದು ಅವನೇ ಒತ್ತಿಸಿದ;
ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ.
ಶಾಯಿ ಅವನ ಬೆರಳಿಗೂ ಹತ್ತಿತ್ತು.

ಸಂಜೆ ಬೀಗ ಹಾಕುವಾಗ ನೋಡಿದೆ:
ದ್ಯಾವಕ್ಕನ ಮಸುಕು ಗುರುತಿನ ಪಕ್ಕ,
ಯಾರ ಹೆಸರೂ ಇಲ್ಲದ ಸಾಲಿನಲ್ಲಿ
ಇನ್ನೊಂದು, ಗೆರೆ ಗೆರೆಯೂ ಸ್ಪಷ್ಟ.
ವೈಟ್ನರ್ ಮೇಜಿನ ಮೇಲೇ ಇತ್ತು.
ಹಚ್ಚಲಿಲ್ಲ.